ಮುಲ್ಸಾನ್ ತಿರುವಿನ ಹಲಗೆ

ದೇದೆಯ ಮಳೆಕೋಟು ಸೊಲಾಂಜಳಿಗೆ ಮೊಣಕಾಲಿನ ಕೆಳಗೂ ಇಳಿಯುತ್ತಿತ್ತು. ತಂಬಾಕಿನ ನಾತ, ಅದರೊಳಗೆ ಇನ್ನೊಂದು ನಾತ, ಒದ್ದೆ ನಾಯಿಯದ್ದೋ ದೇದೆಯ ಸ್ವಂತದ್ದೋ ಹೇಳಲಾಗದು. ಮಳೆಯಂತೂ ಇರಲಿಲ್ಲ. ಭಾನುವಾರ ಬೆಳಗಿನ ಎಂಟು ಗಂಟೆಯ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಆದರೂ ಕೋಟು ಬಿಚ್ಚುವಂತಿಲ್ಲ, ಕಣ್ಣಿನವರೆಗೆ ಎಳೆದುಕೊಂಡ ಟೋಪಿ ತೆಗೆಯುವಂತಿಲ್ಲ. ಅದು ಬೇಶು ಹಾಕಿದ ಷರತ್ತು. "ನೀನು ರೇಜಿಸ್ ಕಣ್ಣಿಗೆ ಬೀಳ್ಬಾರ್ದು ಸೊಲಾಂಜ್. ಇದು ಅವನ ಕೊನೇ ರೇಸು, ತಲೆ ಕೆಡಬಾರ್ದು. ಅವನ ಪಾಲಿಗೆ ಅಲ್ಲಿ ನಿಂತಿರೋನು ದೇದೆ, ಅಷ್ಟೆ." ಬೇಶು ಗ್ಯಾರೇಜಿನ ಮಾಲೀಕ, ರೇಜಿಸ್ ಓಡಿಸುವ ಕಾರಿನ ಮಾಲೀಕ, ಮಾತಿನಲ್ಲಿ ನಯನಾಜೂಕು ಗೊತ್ತಿಲ್ಲದ ಮನುಷ್ಯ. ಶುಕ್ರವಾರ ಸಂಜೆ ಅವಳ ಬಾಗಿಲು ತಟ್ಟಿ, ತನ್ನ ಭಾವಮೈದುನ ದೇದೆ ಕುಡಿದು ಮೆಟ್ಟಿಲಿಂದ ಉರುಳಿ ಕಾಲು ಮುರಿದುಕೊಂಡಿದ್ದಾನೆ, ಮುಲ್ಸಾನಿನಲ್ಲಿ ಹಲಗೆ ಹಿಡಿಯಲು ಕೆಲಸ ಬಲ್ಲವರು ಬೇರೆ ಯಾರೂ ಇಲ್ಲ, ಎಂದು ಶುರು ಮಾಡಿದ್ದ. ಅವನ ಮಾತು ಮುಗಿಯುವ ಮೊದಲೇ ಅವಳು ಆಗಲಿ ಎಂದುಬಿಟ್ಟಿದ್ದಳು. ಬಾಗಿಲು ಹಾಕಿಕೊಂಡ ಮೇಲೆ ಕಿವಿಯೆಲ್ಲ ಬಿಸಿಯಾಯಿತು. ಸ್ವಲ್ಪವಾದರೂ ಯೋಚಿಸಿದಂತೆ ನಟಿಸಬಾರದಿತ್ತೇ? ಗಂಡನನ್ನು ತಾನಾಗಿಯೇ ಬಿಟ್ಟು ಬಂದ ಹೆಂಗಸು, ಈಗ ಅವನನ್ನು ಕದ್ದು ನೋಡುವುದಕ್ಕೆ ಇನ್ನೊಬ್ಬನ ಕೋಟು ಹಾಕಿಕೊಳ್ಳಲು ಸಿದ್ಧ. ಮಾನ ಮರ್ಯಾದೆ ಎಲ್ಲ ಎಲ್ಲಿ ಹೋಯಿತೋ.

ನೇರ ದಾರಿಯಲ್ಲಿ ಕಾರುಗಳು ಹುಚ್ಚು ಹಿಡಿದಂತೆ ಬಂದು, ತಿರುವಿನಲ್ಲಿ ಉಸಿರು ಬಿಗಿಹಿಡಿದು ನಿಧಾನವಾಗಿ, ಮತ್ತೆ ಗುಡುಗುತ್ತ ಹೊರಡುವ ಜಾಗ ಈ ಮುಲ್ಸಾನ್ ತಿರುವು. ಇಡೀ ಸುತ್ತಿನಲ್ಲಿ ಚಾಲಕನಿಗೆ ಹಲಗೆ ಓದಲು ಬಿಡುವಾಗುವುದು ಇಲ್ಲಿ ಮಾತ್ರ. ಅದಕ್ಕೇ ರಸ್ತೆಯ ಪಕ್ಕ ಸಾಲಾಗಿ ಸಿಮೆಂಟಿನ ಗೂಡುಗಳು, ಒಂದೊಂದು ತಂಡಕ್ಕೆ ಒಂದೊಂದು. ಗೂಡಿನಲ್ಲಿ ಒಂದು ಕಪ್ಪು ಹಲಗೆ, ಕೊಕ್ಕೆಗೆ ತಗುಲಿಸುವ ಬಿಳಿ ತಗಡಿನ ಅಂಕಿಗಳು, ಹಿಡಿ ತಿರುಗಿಸಿ ಕರೆಯುವ ಟೆಲಿಫೋನು. ಕಾರು ನಿಲ್ಲಿಸಿ ಪೆಟ್ರೋಲ್ ತುಂಬುವ ಪಿಟ್ ಇಲ್ಲಿಂದ ಐದು ಕಿಲೋಮೀಟರು ಮುಂದೆ. ಒಳಗೆ ಬರಲು ಇನ್ನೆಷ್ಟು ಸುತ್ತು ಉಳಿದಿದೆ ಎಂದು ಅಲ್ಲಿ ಕೂತವರು ಹೇಳಿದ ಅಂಕಿಯನ್ನು ಇಲ್ಲಿ ತಗುಲಿಸಿ ಚಾಚಬೇಕು, ಚಾಲಕ ನೋಡಿದ್ದೇನೆ ಎಂದು ಒಮ್ಮೆ ದೀಪ ಮಿನುಗಿಸುತ್ತಾನೆ, ಮುಗಿಯಿತು. ಐವತ್ತೇಳನೇ ನಂಬರಿನ ಪುಟ್ಟ ನೀಲಿ ಕಾರು ನಾಲ್ಕೂವರೆ ನಿಮಿಷಕ್ಕೊಮ್ಮೆ ಬರುತ್ತಿತ್ತು, ಸೊಲಾಂಜಳಿಗೆ ಸಿಗುತ್ತಿದ್ದದ್ದು ಮೂರು ಸೆಕೆಂಡು. ಬಿಳಿ ಶಿರಸ್ತ್ರಾಣ, ಒಂದಿಷ್ಟು ಮೂಗು, ಸ್ಟೀರಿಂಗ್ ಚಕ್ರದ ಮೇಲೆ ಕೈಚೀಲ ಹಿಡಿದಷ್ಟು ಸಡಿಲವಾಗಿ ಕೂತ ಎಡಗೈ. ಹದಿನಾಲ್ಕು ವರ್ಷ ಒಂದೇ ಮೇಜಿನಲ್ಲಿ ಉಂಡಾಗ ಆ ಕೈಯನ್ನು ಒಂದು ದಿನವಾದರೂ ಹೀಗೆ ನೋಡಿದ್ದಳೇ? ಆಗ ಅದು ಬ್ರೆಡ್ಡು ಹರಿಯುವ ಕೈ, ತುಂಡುಗಳನ್ನು ಮೇಜಿನ ಮೇಲೆ ಉದುರಿಸುವ ಕೈ, ಅದಕ್ಕಾಗಿ ಬೈಸಿಕೊಳ್ಳುವ ಕೈ. ದೀಪ ಮಿನುಗಿತು. ದೇದೆಗೆ. ಅವಳು ಹಲಗೆ ಒಳಗೆಳೆದುಕೊಂಡು, ಗೂಡಿನ ಒಳಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಯಾರೂ ಹೇಳಿರಲಿಲ್ಲ, ಸುತ್ತು ಎಣಿಸುವುದು ಪಿಟ್‌ನವರ ಕೆಲಸ. ಹಳೆಯ ಚಟ ಅಷ್ಟೆ.

"ಬಂದ, ಹೋದ," ಎಂದ ಪಕ್ಕದ ಗೂಡಿನ ಲೆಯೋನ್ಸ್. ರೈಲ್ವೆಯಿಂದ ನಿವೃತ್ತನಾದ ಮುದುಕ, ಬೇರೊಂದು ತಂಡದ ಹಲಗೆಯವನು, ಇಪ್ಪತ್ತು ವರ್ಷದಿಂದ ಅದೇ ಮಡಚುವ ಕುರ್ಚಿ. "ನಿನ್ನ ಮುಖ ನೋಡಿದ್ರೆ ಮದ್ವೆ ಮೆರವಣಿಗೆ ಹೋದಂಗಿತ್ತು ತಾಯಿ. ನಂಗೆ ಅರವತ್ತಾರು, ನನ್ನನ್ನ ಯಾರೂ ಒಂದು ಸಲಾನೂ ಹಂಗೆ ನೋಡ್ಲಿಲ್ಲ ನೋಡು."

"ನೀವು ನಿಮ್ಮ ಗಾಡಿ ನೋಡ್ಕೊಳ್ಳಿ ಲೆಯೋನ್ಸ್ ಅವ್ರೇ."

"ನಮ್ಮ ಗಾಡಿ ರಾತ್ರಿ ಮೂರಕ್ಕೇ ಕಣ್ಮುಚ್ತು. ನಾನು ಸುಮ್ನೆ ಕೂತಿದೀನಿ. ಮನೇಗ್ ಹೋದ್ರೆ ಹೆಂಡ್ತಿ ಬೇಲಿ ಕತ್ತರಿಸು ಅಂತಾಳೆ." ಅವನು ಬ್ರೆಡ್ಡಿನ ಮೇಲೆ ಹಂದಿಮಾಂಸದ ರಿಯೆತ್ ದಪ್ಪಗೆ ಹಚ್ಚಿ ಚಾಚಿದ. "ತಗೋ. ನಿನ್ನೆಯಿಂದ ನೀನು ನುಂಗಿದ್ದು ಬರೀ ಧೂಳು."

ಅವಳು ಬೇಡವೆಂದಳು. ನಿನ್ನೆ ಸಂಜೆ ನಾಲ್ಕಕ್ಕೆ ಶುರುವಾದ ಇಪ್ಪತ್ತನಾಲ್ಕು ಗಂಟೆಯ ರೇಸು, ಇವತ್ತು ಸಂಜೆ ನಾಲ್ಕಕ್ಕೆ ಮುಗಿಯಬೇಕು. ಬೇಶುವಿನ ಕಾರು ಗೆಲ್ಲುವ ಮಾತು ಯಾರೂ ಆಡುವುದಿಲ್ಲ. ನಾಲ್ಕು ಗಂಟೆಗೆ ತನ್ನ ಕಾಲ ಮೇಲೆ ಮುಕ್ತಾಯದ ಗೆರೆ ದಾಟಿದರೆ ಸಾಕು, ಊರಿನ ಪತ್ರಿಕೆಯಲ್ಲಿ ಹೆಸರು ಬರುತ್ತದೆ, ಗ್ಯಾರೇಜಿನ ಗೋಡೆಗೊಂದು ಫೋಟೊ. ರೇಜಿಸ್ ಹನ್ನೊಂದು ಸಲ ಹೊರಟವನು ಒಂದು ಸಲವೂ ಗೆರೆ ದಾಟಿಲ್ಲ. ಹತ್ತು ಸಲ ಯಂತ್ರ ಕೈಕೊಟ್ಟಿತ್ತು. ಹನ್ನೊಂದನೇ ಸಲ ಕೈಕೊಟ್ಟವಳು ಅವಳು. ಆಮೇಲೆ ನಾಲ್ಕು ವರ್ಷ ಬಿಟ್ಟು ಇದು ಹನ್ನೆರಡನೆಯದು, ಕೊನೆಯದು. ಅವನು ದಾಟಬೇಕು. ದೇವರೇ, ಅವನು ದಾಟಬೇಕು. ಮತ್ತು ದಾಟುವ ಮೊದಲು ಒಂದೇ ಒಂದು ಸಲ, ಹಲಗೆಯನ್ನಲ್ಲ, ಹಲಗೆ ಹಿಡಿದವಳನ್ನು ನೋಡಬೇಕು. ಇವೆರಡರಲ್ಲಿ ತನಗೆ ಹೆಚ್ಚು ಬೇಕಾದದ್ದು ಯಾವುದೆಂದು ಯಾರಾದರೂ ಕೇಳಿದ್ದರೆ ಅವಳು ಸುಳ್ಳು ಹೇಳಬೇಕಾಗುತ್ತಿತ್ತು.

ಟೆಲಿಫೋನು ಗುರುಗುಟ್ಟಿತು. "ಮೇಡಂ, ಒಂಬತ್ತು ಹಾಕಿ," ಎಂದಿತು ಕೊರೀನಳ ದನಿ. ಈ 'ಮೇಡಂ' ಒಂದು ಸೂಜಿ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಈ ಹುಡುಗಿ ಬೈಯುವವಳೂ ಅಲ್ಲ. ಇಪ್ಪತ್ತೆಂಟು ವಯಸ್ಸು, ಔಷಧದಂಗಡಿಯಲ್ಲಿ ಕೆಲಸ, ಎರಡು ವರ್ಷದಿಂದ ರೇಜಿಸ್ ಜೊತೆ ಇದ್ದಾಳೆ. ಈಗ ಪಿಟ್‌ನಲ್ಲಿ ಆ ಎತ್ತರದ ಕುರ್ಚಿಯ ಮೇಲೆ, ಕೊರಳಲ್ಲಿ ಎರಡು ಗಡಿಯಾರ ನೇತುಹಾಕಿಕೊಂಡು, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಕೂತಿದ್ದಾಳೆ. ಆ ಕುರ್ಚಿಯ ಎಡಗಾಲು ಕುಂಟುತ್ತದೆ, ಅದರಡಿಗೆ ಸಿಗರೇಟು ಪೊಟ್ಟಣ ಮಡಚಿ ಇಡಬೇಕು. ಅದನ್ನು ಅವಳಿಗೆ ಯಾರಾದರೂ ಹೇಳಿದರೋ ಇಲ್ಲವೋ. ಸೊಲಾಂಜ್ ಒಂಬತ್ತು ತಗುಲಿಸಿದಳು. ಬಂದದ್ದು ರೇಜಿಸ್ ಅಲ್ಲ, ಅದೇ ಕಾರನ್ನು ಸರದಿಯಲ್ಲಿ ಓಡಿಸುವ ಅವನ ಜೊತೆಗಾರ ಜೋಯೆಲ್. ಅವನು ದೀಪವನ್ನು ಎರಡೆರಡು ಸಲ ಮಿನುಗಿಸುತ್ತಾನೆ, ಅವಸರದ ಪ್ರಾಣಿ. ಅವನ ಸರದಿಯಲ್ಲಿ ಅವಳಿಗೆ ಬಿಡುವು. ಕಾರು ಬರುತ್ತದೆ, ಹೋಗುತ್ತದೆ, ಎದೆ ತನ್ನ ಪಾಡಿಗೆ ಬಡಿದುಕೊಳ್ಳುತ್ತದೆ.

ನಾಲ್ಕು ವರ್ಷದ ಹಿಂದೆ ಆ ಕುರ್ಚಿಯ ಮೇಲೆ ಅವಳು. ಭಾನುವಾರ ಮಧ್ಯಾಹ್ನ, ತುಂತುರು ಮಳೆ, ಹಾಳೆಯ ಮೂಲೆ ನೆನೆದು ಮುದುಡಿತ್ತು. ಕಾರು ಮುಂದೆ ಹಾದಾಗಲೆಲ್ಲ ಒಂದು ಗೆರೆ. ಹದಿನಾರು ಗೆರೆಗೆ ಪೆಟ್ರೋಲ್ ಮುಗಿಯುತ್ತದೆ, ಹದಿನಾರಕ್ಕೆ ಒಳಗೆ ಕರೆಯಬೇಕು. ಇದಕ್ಕಿಂತ ಸುಲಭದ ಕೆಲಸ ಲೋಕದಲ್ಲಿಲ್ಲ. ಯಾರೋ ಒಂದು ಕಿತ್ತಳೆ ಸುಲಿದು ಕೊಟ್ಟರು. ಅವಳು ಬೀಜ ತೆಗೆದಳು. ಅಷ್ಟೇ ಮಾಡಿದ್ದು, ಬೀಜ ತೆಗೆದಳು, ಬೀಜವನ್ನು ಎಲ್ಲಿ ಹಾಕುವುದೆಂದು ಸುತ್ತ ನೋಡಿದಳು. ಪೆಟ್ರೋಲ್ ಮುಗಿದು ಕಾರು ಆರ್ನಾಜ್ ತಿರುವಿನ ಬಳಿ ನಿಂತುಹೋಯಿತು. ನಿಂತ ಕಾರನ್ನು ಚಾಲಕನ ಹೊರತು ಬೇರೆ ಯಾರೂ ಮುಟ್ಟುವಂತಿಲ್ಲ, ಅದು ನಿಯಮ. ರೇಜಿಸ್ ಮಳೆಯಲ್ಲಿ ಒಂದು ಕಿಲೋಮೀಟರು ಒಬ್ಬನೇ ತಳ್ಳಿದನಂತೆ, ಮಂಡಿಯೂರಿ ಬಿದ್ದನಂತೆ, ಎದ್ದು ಮತ್ತೆ ತಳ್ಳಿದನಂತೆ. ನಡೆದುಕೊಂಡು ಪಿಟ್‌ಗೆ ಬಂದಾಗ ಅವನ ಪ್ಯಾಂಟು ಮಂಡಿಯಲ್ಲಿ ಹರಿದಿತ್ತು. ಅವಳ ಹಾಳೆ ತೆಗೆದುಕೊಂಡ. ಬೆರಳಿಟ್ಟು ಎಣಿಸಿದ. ಬೆರಳು ಒಂದು ಕಡೆ ನಿಂತಿತು. ಅವನು ತಲೆ ಎತ್ತಿ ಅವಳನ್ನು ನೋಡಿದ. ಆಮೇಲೆ ಬೇಶುವಿನ ಕಡೆ ತಿರುಗಿ, "ಪಂಪು ಕೈಕೊಡ್ತು," ಎಂದ. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ.

ಪಂಪು ಜೋಡಿಸಿದ್ದ ಮೆಕ್ಯಾನಿಕ್ ರವುಲ್ ಲಾರಿಯ ಹಿಂದೆ ನಿಂತು ಅತ್ತ. ಐವತ್ತು ವರ್ಷದ ಗಂಡಸು, ಗ್ರೀಸು ಮೆತ್ತಿದ ತೋಳಿನಿಂದ ಮುಖ ಒರೆಸಿಕೊಂಡು ಅತ್ತ. ಅವಳು ನೋಡಿದಳು, ಸುಮ್ಮನೆ ಹೋಗಿ ತಟ್ಟೆಗಳನ್ನು ತೊಳೆದಳು. ಮನೆಗೆ ಹೋದ ಮೇಲೆ ರೇಜಿಸ್ ಬೈಯುತ್ತಾನೆಂದು ಕಾದಳು. ಬೈಯಲಿಲ್ಲ. ಮಾರನೇ ದಿನ, ಮಾರನೇ ವಾರ ಕಾದಳು. ಅವನು ಮೊದಲಿಗಿಂತ ಮೆತ್ತಗೆ ಮಾತಾಡಿದ, ಒಂದು ಭಾನುವಾರ ಹೂವೂ ತಂದ. ಆ ಹೂವನ್ನು ನೋಡಿ ಅವಳಿಗೆ ಮೈ ಉರಿಯಿತು. ಓಹೋ, ಕ್ಷಮಿಸಿದ್ದೀಯೋ? ಯಾರು ಕೇಳಿದ್ದರು? ದೊಡ್ಡ ಮನುಷ್ಯ ನೀನು, ಬಡಪಾಯಿ ಹೆಂಗಸಿಗೆ ಭಿಕ್ಷೆ ಹಾಕಿದ್ದೀಯೋ? ಪರದೆಯ ಬಣ್ಣಕ್ಕೆ ಜಗಳ ತೆಗೆದಳು, ಅವನ ಅಮ್ಮನ ಕೆಮ್ಮಿಗೆ ಜಗಳ ತೆಗೆದಳು. ಅವನು ಒಂದು ಸಲ ಆ ಕಿತ್ತಳೆಯ ಮಾತೆತ್ತಿ ಕೆನ್ನೆಗೆ ಬಾರಿಸಿದ್ದರೂ ಅವಳು ಅಲ್ಲೇ ಇರುತ್ತಿದ್ದಳು. ಎತ್ತಲಿಲ್ಲ. ಚಳಿಗಾಲದಲ್ಲಿ ಅವಳು ಹೊರಟು ನಿಂತಾಗ ಪೆಟ್ಟಿಗೆಯನ್ನು ಬಸ್ಸಿನ ತನಕ ಅವನೇ ಹೊತ್ತು ತಂದ. ಕಿಟಕಿಯ ಹೊರಗೆ ನಿಂತು ಏನೋ ಹೇಳಿದ, ಗಾಜು ಮುಚ್ಚಿತ್ತು, ಅವಳು ಗಾಜು ಇಳಿಸಲಿಲ್ಲ.

"ಎಲ್ಲಿದೀಯಮ್ಮಾ?" ಲೆಯೋನ್ಸ್ ಕರೆದ. "ಗಂಟೆ ಎರಡಾಗ್ತಾ ಬಂತು. ನಿಮ್ಮೋನು ಹತ್ತಿದಾನಂತೆ."

ಹತ್ತಿದ್ದ. ಬೇಶು ಕೊನೆಯ ಎರಡೂ ಸರದಿಯನ್ನು ಹಿರಿಯನಿಗೇ ಬಿಟ್ಟಿದ್ದ. ರೇಸು ಮುಗಿಸುವ ಬಾವುಟ ಅವನೇ ದಾಟಲಿ ಎಂದು. ಎರಡಕ್ಕೆ ಹತ್ತು ನಿಮಿಷ ಇರುವಾಗ ಪೆಟ್ರೋಲ್ ತುಂಬಿಸಿಕೊಂಡು ಹೊರಟವನು ತಿರುವಿನಲ್ಲಿ ಕಾಣಿಸಿಕೊಂಡಾಗ ಸೊಲಾಂಜ್ ಗೋಡೆಯ ಹೊಸ ಜಾಗದಲ್ಲಿ ಮೊದಲ ಗೆರೆ ಎಳೆದಳು. ಹೊತ್ತು ಕಳೆಯಿತು. ಬಿಸಿಲಿಗೆ ಡಾಂಬರು ಮಿನುಗುತ್ತಿತ್ತು, ಬೆಳಿಗ್ಗೆ ಮೂವತ್ತಿದ್ದ ಕಾರುಗಳು ಈಗ ಇಪ್ಪತ್ತರ ಆಸುಪಾಸು, ನಡುನಡುವೆ ರಸ್ತೆ ಎಷ್ಟು ಹೊತ್ತು ಬರಿದಾಗಿರುತ್ತಿತ್ತೆಂದರೆ ಆಚೆಯ ಹೊಲದ ಬಾನಾಡಿಯ ಕೂಗು ಕೇಳಿಸುತ್ತಿತ್ತು. ಬಂದ, ಹೋದ. ಬಂದ, ಹೋದ. ಅವನ ದೀಪ ಒಂದೇ ಸಲ, ಚುಟುಕಾಗಿ. ದಣಿದಿದ್ದ, ತಲೆ ಸ್ವಲ್ಪ ಬಲಕ್ಕೆ ವಾಲಿತ್ತು. ದಣಿದಾಗ ಅವನ ತಲೆ ಬಲಕ್ಕೆ ವಾಲುತ್ತದೆಂದು ಆ ಔಷಧದಂಗಡಿ ಹುಡುಗಿಗೆ ಗೊತ್ತಿದೆಯೇ?

"ಮೇಡಂ, ಮೂರು ಹಾಕಿ."

ಸೊಲಾಂಜ್ ಮೂರರ ತಗಡನ್ನು ಎತ್ತಿಕೊಂಡವಳು ಗೋಡೆ ನೋಡಿದಳು. ಹದಿಮೂರು ಗೆರೆ. ಈಗ ಬರುವುದು ಹದಿನಾಲ್ಕನೆಯದು. ಹದಿನಾರರಲ್ಲಿ ಹದಿನಾಲ್ಕು ಕಳೆದರೆ ಎರಡು. ಮತ್ತೆ ಎಣಿಸಿದಳು, ಬೆರಳಿಟ್ಟು. ಎರಡು. ಆಗಲೇ ನೀಲಿ ಮೂತಿ ತಿರುವಿನಲ್ಲಿ ಕಾಣಿಸಿತು, ಕೈ ತನ್ನಷ್ಟಕ್ಕೆ ಮೂರನ್ನೇ ತಗುಲಿಸಿ ಚಾಚಿಬಿಟ್ಟಿತು. ದೀಪ ಮಿನುಗಿತು. ಮೂರು, ಸರಿ, ಎಂದು ಹೇಳಿ ಅವನು ಹೋದ.

ಈಗ ನಾಲ್ಕೂವರೆ ನಿಮಿಷ. ಟೆಲಿಫೋನಿನ ಹಿಡಿಯ ಮೇಲೆ ಕೈಯಿಟ್ಟಳು, ತೆಗೆದಳು. ಏನೆಂದು ಹೇಳುವುದು? ನೀನು ಒಂದು ಗೆರೆ ಬಿಟ್ಟಿದ್ದೀಯ ಎಂದೇ? ಈ ಲೋಕದಲ್ಲಿ ಆ ಮಾತು ಹೇಳುವ ಯೋಗ್ಯತೆ ಇಲ್ಲದವಳು ಒಬ್ಬಳಿದ್ದರೆ ಅವಳು ತಾನೇ. ತಾನೇ ಒಂದು ಹೆಚ್ಚಿಗೆ ಎಳೆದಿದ್ದರೆ? ನಿದ್ದೆಯಿಲ್ಲದ ಕಣ್ಣು, ಹಳೆಯದನ್ನೆಲ್ಲ ಅಗೆಯುತ್ತ ಕೂತ ಮನಸ್ಸು. ನೋಡಿ ಬೇಶು, ಹೊಟ್ಟೆಕಿಚ್ಚಿಗೆ ಹೇಗೆ ಆಡ್ತಾಳೆ, ಎಂದು ಆ ಕಡೆ ಎಲ್ಲರೂ ನಗುತ್ತಾರೆ. ನಾಲ್ಕು ವರ್ಷದ ಹಿಂದಿನದು ಪಂಪಲ್ಲ ಎಂಬುದು ಬಲ್ಲವರು ಇಬ್ಬರೇ, ಅದರಲ್ಲೊಬ್ಬ ಕಾರಿನೊಳಗಿದ್ದಾನೆ. ಅವಳು ಗೆರೆಗಳನ್ನು ಮೂರನೇ ಸಲ ಎಣಿಸಿದಳು. ಒಂದು ಗೆರೆಯೂ ಅಲುಗಲಿಲ್ಲ. ಫೋನೇ ಗುರುಗುಟ್ಟಿತು. "ಎರಡು ಹಾಕಿ ಮೇಡಂ." ಅವಳು ಬಾಯಿ ತೆರೆದಳು. "ಆಯ್ತು," ಎಂದಳು. ಎರಡು ಹಾಕಿದಳು.

ಆಗ ಅದು ಬಂತು, ಯಾರೋ ಕಿವಿಯಲ್ಲಿ ಪಿಸುಗುಟ್ಟಿದ ಹಾಗೆ. ಸುಮ್ಮನಿದ್ದರೆ ಏನಾಗುತ್ತದೆ? ಪೆಟ್ರೋಲ್ ಮುಗಿಯುವುದು ಮುಂದಿನದರ ಮುಂದಿನ ಸುತ್ತಿನಲ್ಲಿ, ಈ ನೇರ ದಾರಿಯ ಕೊನೆಯಲ್ಲಿ. ಯಂತ್ರ ಕೆಮ್ಮುತ್ತದೆ, ನಿಲ್ಲುತ್ತದೆ, ಕಾರು ಸದ್ದಿಲ್ಲದೆ ಉರುಳುತ್ತ ತಿರುವಿನ ತನಕ ಬರುತ್ತದೆ, ಇಲ್ಲಿ ಈ ಹುಲ್ಲಿನ ಅಂಚಿನಲ್ಲಿ ನಿಲ್ಲುತ್ತದೆ. ಅವನು ಇಳಿಯುತ್ತಾನೆ. ಶಿರಸ್ತ್ರಾಣ ತೆಗೆಯುತ್ತಾನೆ, ಕೂದಲು ಬೆವರಿಗೆ ಅಂಟಿರುತ್ತದೆ, ಮುಂದೆ ನೆತ್ತಿ ಇನ್ನಷ್ಟು ಬರಿದಾಗಿರಬಹುದು. ಪಿಟ್‌ಗೆ ಫೋನು ಮಾಡಬೇಕಲ್ಲ, ನೇರ ಈ ಗೂಡಿಗೇ ಬರುತ್ತಾನೆ. ದೇದೆ, ಎಂದು ಕರೆಯುತ್ತಾನೆ. ಅವಳು ಟೋಪಿ ತೆಗೆಯುತ್ತಾಳೆ. ಮೂರು ಸೆಕೆಂಡಲ್ಲ, ಅರ್ಧ ಗಂಟೆ, ಒಂದು ಗಂಟೆ. ಈ ಕಲ್ಲುಕಟ್ಟೆಯ ಮೇಲೆ ಪಕ್ಕಪಕ್ಕ ಕೂತುಕೊಳ್ಳಬಹುದು. ಮತ್ತು ಈ ಸಲ ತಪ್ಪು ಅವಳದ್ದಲ್ಲ. ಅವಳು ಪಿಟ್‌ನವರು ಹೇಳಿದ ಅಂಕಿ ಹಾಕಿದವಳು ಅಷ್ಟೆ. ಈ ಸಲ ಅವನು ಬೆರಳಿಟ್ಟು ಎಣಿಸುವುದು ಇನ್ನೊಬ್ಬಳ ಹಾಳೆ. ಸೊಲಾಂಜಳ ಮೈ ಝುಂ ಎಂದಿತು. ತನಗೆ ಇಂಥದ್ದೊಂದು ಆಸೆ ಇದೆಯೆಂದು ನೋಡಿ, ಅದರ ಮುಂದೆ ಬತ್ತಲಾಗಿ ನಿಂತ ಹಾಗಾಯಿತು. ಆಸೆ ಮಾತ್ರ ಹೋಗಲಿಲ್ಲ, ಅಲ್ಲೇ ಇತ್ತು.

"ಏನಮ್ಮಾ ಬಿಳಿಚ್ಕೊಂಡಿದೀಯ?" ಎಂದ ಲೆಯೋನ್ಸ್.

"ಲೆಯೋನ್ಸ್ ಅವ್ರೇ, ನಿಮ್ಮ ಪಿಟ್‌ನೋರು ಹೇಳಿದ್ದು ತಪ್ಪು ಅಂತ ಅನ್ಸಿದ್ರೆ ನೀವೇನ್ ಮಾಡ್ತೀರಾ?"

"ಹೇಳಿದ್ದು ಹಾಕ್ತೀನಿ. ಹಲಗೆಯೋನಿಗೆ ತಲೆ ಯಾಕೆ, ಕೈ ಸಾಕು." ಅವನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. "ಆದ್ರೆ ಗಾಡೀಲಿರೋನಿಗೆ ಹಲಗೆ ಹೇಳಿದ್ದೇ ವೇದವಾಕ್ಯ ತಾಯಿ. ಪಿಟ್ಟು ಅವ್ನಿಗೆ ಕಾಣಲ್ಲ. ನೀನು ಕಾಣ್ತೀಯ."

"ನಾನೂ ಕಾಣಲ್ಲ," ಎಂದಳು ಸೊಲಾಂಜ್.

ಫೋನು. "ಒಂದು ಹಾಕಿ ಮೇಡಂ." ದನಿಯಲ್ಲಿ ಏನೋ ನಡುಕ, ಇಲ್ಲ, ದಣಿವು. ಈ ಹುಡುಗಿಯೂ ನಿನ್ನೆಯಿಂದ ಕಣ್ಣು ಮುಚ್ಚಿಲ್ಲ. ಆ ಕುಂಟು ಕುರ್ಚಿಯ ಮೇಲೆ ಇಪ್ಪತ್ತಮೂರು ಗಂಟೆ. ಸೊಲಾಂಜಳಿಗೆ ಥಟ್ಟನೆ ಅವಳು ಕಂಡಳು. ಹಾಳೆಯನ್ನು ಮೊಣಕಾಲಿಗೆ ಒತ್ತಿ ಹಿಡಿದು, ರೇಜಿಸ್ ನಡೆದು ಬರುವುದನ್ನು ನೋಡುತ್ತ ಕೂತ ಹುಡುಗಿ. ಅವನು ಮತ್ತೆ ಎಣಿಸುತ್ತಾನೆ. ಬೆರಳು ನಿಲ್ಲುತ್ತದೆ. ಮತ್ತೆ ಪಂಪು ಅನ್ನುತ್ತಾನೆ. ಆಮೇಲೆ ಆ ಮನೆಗೆ ಹೂವು ಬರುತ್ತದೆ. ಗೆರೆ ದಾಟದೆ, ಹನ್ನೆರಡನೇ ಸಲವೂ ದಾಟದೆ, ಅವನು ಮುದುಕನಾಗುತ್ತಾನೆ. ದೂರದಲ್ಲಿ ಆ ಪುಟ್ಟ ಯಂತ್ರದ ಕೀಚಲು ಸದ್ದು ಕೇಳಿಸಿತು. ಅವಳು ಒಂದರ ತಗಡನ್ನು ಕಲ್ಲಿನ ಮೇಲೆ ಎಸೆದು, ಬಾಣದ ಗುರುತಿನ ತಗಡನ್ನು ಎತ್ತಿಕೊಂಡಳು. ಬಾಣವೆಂದರೆ ಒಳಗೆ ಬಾ, ಈಗಲೇ, ಇದೇ ಸುತ್ತಿನಲ್ಲಿ. ಕೊಕ್ಕೆಗೆ ಸಿಕ್ಕಲಿಲ್ಲ. ಮತ್ತೆ ಹೊಂದಿಸಿದಳು. ಸಿಕ್ಕಿತು. ಗೂಡಿನಿಂದ ಅರ್ಧ ಮೈ ಹೊರಗೆ ಚಾಚಿ ಹಲಗೆಯನ್ನು ಎಷ್ಟಾಗುತ್ತದೋ ಅಷ್ಟು ಮುಂದಕ್ಕೆ ಹಿಡಿದಳು.

ಅವನು ಕಂಡ. ಎರಡು ಎಂದವರು ಈಗ ಬಾ ಅನ್ನುತ್ತಿದ್ದಾರೆ, ಒಂದು ಎಲ್ಲಿ ಹೋಯಿತು? ಆ ಗೊಂದಲ ವಾಲಿದ ತಲೆ ನೆಟ್ಟಗಾದದ್ದರಲ್ಲಿ ತಿಳಿಯಿತು. ದೀಪ ಮಿನುಗಲಿಲ್ಲ. ಅವಳು ಹಲಗೆಯನ್ನು ಅಲ್ಲಾಡಿಸಿದಳು, ಕಿರುಚಿದಳು ಕೂಡ. ಬಾರೋ, ಒಳಗೆ ಬಾರೋ, ನಂಬೋ. ಯಾರಿಗೆ ಕೇಳಿಸಬೇಕು. ಕಾರು ದಾಟಿಹೋದ ಮೇಲೆ, ತಿರುವಿನ ಆಚೆ ಮರಗಳ ನೆರಳಿನಲ್ಲಿ, ಒಂದು ಸಲ ಅವನು ಕೈಯನ್ನು ಮೇಲೆತ್ತಿದ.

ಅವಳು ಟೆಲಿಫೋನಿನ ಹಿಡಿಯನ್ನು ಮುರಿಯುವ ಹಾಗೆ ತಿರುಗಿಸಿದಳು. "ಕೊರೀನ್, ಅವನು ಒಳಗೆ ಬರ್ತಿದಾನೆ. ಎರಡು ನಿಮಿಷ ಇದೆ, ಪೆಟ್ರೋಲ್ ರೆಡಿ ಮಾಡ್ಸು."

"ಏನು? ಇಲ್ಲ ಮೇಡಂ, ಇನ್ನೂ ಒಂದು..."

"ನೀನು ಒಂದು ಗೆರೆ ಬಿಟ್ಟಿದೀಯ."

ಆ ಕಡೆ ಹಾಳೆ ಸರಿಸಿದ ಸದ್ದು. ಆಮೇಲೆ ಸಣ್ಣ ದನಿಯಲ್ಲಿ, "ಅಯ್ಯೋ. ಆ ದೊಡ್ಡ ಬಿಳಿ ಕಾರು ಅಡ್ಡ ಬಂದಿತ್ತು, ಹಿಂದೆ ನಮ್ಮದಿತ್ತೋ ಇಲ್ವೋ ಅಂತ... ಅಯ್ಯೋ ದೇವ್ರೇ, ಬೇಶು ನನ್ನನ್ನ ಕೊಂದೇ ಬಿಡ್ತಾರೆ. ರೇಜಿಸ್‌ಗೆ ಏನಂತ ಹೇಳ್ಲಿ?"

"ಏನೂ ಹೇಳ್ಬೇಡ. ನೀನೇ ಎಣಿಸಿ ನೋಡ್ದೆ, ನೀನೇ ನಂಗೆ ಬಾಣ ಹಾಕು ಅಂದೆ. ಅಷ್ಟೆ. ಬೇಗ ಎದ್ದೇಳು, ಕೂಗು ಅವರನ್ನ."

ರಿಸೀವರ್ ಇಟ್ಟು ಕಲ್ಲುಕಟ್ಟೆಯ ಮೇಲೆ ಕೂತಳು. ಐದು ನಿಮಿಷಕ್ಕೆ ಫೋನು ಬಂತು. ತೊಟ್ಟಿಯಲ್ಲಿ ಎರಡು ಲೋಟದಷ್ಟೂ ಉಳಿದಿರಲಿಲ್ಲವಂತೆ, ಈಗ ಹೊರಟನಂತೆ, ಬೇಶು ಕೊರೀನಳ ಬೆನ್ನು ತಟ್ಟಿದನಂತೆ. "ಥ್ಯಾಂಕ್ಸ್ ಮೇಡಂ," ಎಂದು ಹುಡುಗಿ ಅತ್ತೇಬಿಟ್ಟಳು. ಸೊಲಾಂಜ್ "ಸರಿ, ಸರಿ, ಕಣ್ಣೊರ್ಸಿಕೊಂಡು ಗಡಿಯಾರ ನೋಡು," ಎಂದಳು. ಆಗಲೇ ಅವಳಿಗೆ ಹೊಡೆದ ಹಾಗೆ ತಿಳಿದದ್ದು. ನೀನೇ ಬಾಣ ಹಾಕು ಅಂದೆ, ಎಂದಾಗ ಅವಳ ಮನಸ್ಸಿನಲ್ಲಿ ಏನಿತ್ತು? ದೊಡ್ಡತನವೇ? ಭಿಕ್ಷೆಯೇ? ಏನೂ ಇರಲಿಲ್ಲ. ಆ ಮಗುವಿಗೆ ನೋವಾಗದಿರಲಿ ಎಂದಷ್ಟೇ, ಬಿದ್ದ ಲೋಟವನ್ನು ಎತ್ತಿಡುವಷ್ಟು ಸಹಜವಾಗಿ, ಯೋಚನೆಯೇ ಇಲ್ಲದೆ ಬಂದ ಮಾತು. ಹಾಗಾದರೆ ಅವನದ್ದೂ ಇಷ್ಟೇ ಆಗಿತ್ತೇ? ಹಾಳೆಯನ್ನು ನಾಲ್ಕಾಗಿ ಮಡಚಿದಾಗ, ಹೂವು ತಂದಾಗ, ಇಷ್ಟೇನಾ? ಅಯ್ಯೋ, ಇಷ್ಟೇ ಆಗಿದ್ದಕ್ಕೆ ತಾನು ಪೆಟ್ಟಿಗೆ ತುಂಬಿಕೊಂಡು ಬಂದೆನೇ. ಅವಳು ದೇದೆಯ ಕೋಟಿನ ತೋಳನ್ನು ಬಾಯಿಗೆ ತುರುಕಿಕೊಂಡಳು. ಲೆಯೋನ್ಸ್ ನೋಡಿಯೂ ನೋಡದವನ ಹಾಗೆ ಹೊಲದ ಕಡೆ ತಿರುಗಿ ಕೂತ.

ಮುಂದಿನ ಸುತ್ತುಗಳು ಬಂದವು, ಹೋದವು. ಈಗ ಅವಳು ಟೋಪಿಯನ್ನು ಹಿಂದಕ್ಕೆ ತಳ್ಳಿದ್ದಳು, ಬೇಶು ಹಾಳಾಗಿ ಹೋಗಲಿ. ಆದರೆ ಅವನ ಕಣ್ಣು ಹಲಗೆಯ ಮೇಲೆಯೇ, ಅಂಕಿಯ ಮೇಲೆಯೇ. ಒಳ್ಳೆಯ ಚಾಲಕ ಅಂಕಿಯನ್ನು ಬಿಟ್ಟು ಬೇರೇನೂ ನೋಡುವುದಿಲ್ಲ, ಹಾಗೆಂದು ಅವನಿಗೆ ಕಲಿಸಿದವಳೂ ಅವಳೇ. ನಾಲ್ಕಕ್ಕೆ ಎರಡು ನಿಮಿಷ ಇದ್ದಾಗ ಕೊನೆಯ ಸಲ ಬಂದ. ಮೂರು ಸೆಕೆಂಡು. ದೀಪ. ಮರಗಳ ನೆರಳು ಅವನನ್ನು ನುಂಗಿತು. ಆಮೇಲೆ ಯಾವ ಕಾರೂ ಬರಲಿಲ್ಲ. ಮುಲ್ಸಾನಿನವರಿಗೆ ಬಾವುಟ ಬೀಳುವುದು ಕಾಣುವುದಿಲ್ಲ, ಕೇಳುವುದಿಲ್ಲ. ರಸ್ತೆ ಸುಮ್ಮನಾಗುತ್ತದೆ, ಅಷ್ಟರಿಂದ ತಿಳಿದುಕೊಳ್ಳಬೇಕು. ಅದಕ್ಕೇ ಬೇಶುವಿನ ತಂಡದಲ್ಲೊಂದು ಪದ್ಧತಿ. ಗೆರೆ ದಾಟಿ ಇಳಿದ ಚಾಲಕ ಬಾಟಲಿ ಮುಟ್ಟುವ ಮೊದಲು ತಿರುವಿನವರಿಗೆ ಫೋನು ಮಾಡಿ, ಹೇಗಾಯಿತೆಂದು ತಾನೇ ಹೇಳಬೇಕು. ಇಷ್ಟು ವರ್ಷದಲ್ಲಿ ಯಾರೂ ಗೆರೆ ದಾಟದೆ ಆ ಪದ್ಧತಿಯನ್ನು ನಡೆಸುವ ಭಾಗ್ಯವೇ ಬಂದಿರಲಿಲ್ಲ.

ಫೋನು ಗುರುಗುಟ್ಟಿತು. ಗದ್ದಲದ ನಡುವೆ ಕೊರೀನ್ ಪಿಸುಗುಟ್ಟಿದಳು. "ಮೇಡಂ, ದಾಟಿದ್ರು! ಇಲ್ಲೇ ಬರ್ತಿದಾರೆ. ದೇದೆ ಜೊತೆ ಮಾತಾಡ್ಬೇಕಂತೆ. ಏನ್ ಮಾಡ್ಲಿ?"

"ಕೊಡು," ಎಂದಳು ಸೊಲಾಂಜ್.

"ದೇದೆ! ಏ ಕುಡುಕಾ!" ಅವನ ದನಿ. ಮೂರೂವರೆ ವರ್ಷದಿಂದ ಕೇಳದ ದನಿ, ಧೂಳಿಗೆ ಒಡೆದುಹೋಗಿತ್ತು. "ಮುಗಿಸಿದ್ವಿ ಕಣೋ! ಹದಿನೇಳನೇ ಜಾಗ ಅಂತೆ, ಹಾಳಾಗ್ಲಿ, ಎಷ್ಟಾದ್ರೆ ಏನು! ಜನ ಬೇಲಿ ಹಾರಿ ಬಂದ್ರು. ಯಾರೋ ಒಬ್ಬ ದಪ್ಪಗಿರೋನು ಎರಡೂ ಕೆನ್ನೆಗೆ ಮುತ್ತು ಕೊಟ್ಟ, ಈರುಳ್ಳಿ ವಾಸನೆ. ಗೆರೆ ದಾಟ್ದಾಗ ಏನ್ ಅನ್ನಿಸ್ತು ಗೊತ್ತಾ? ಏನೂ ಅನ್ನಿಸ್ಲಿಲ್ಲ. ಬ್ರೇಕ್ ಹಾಕ್ಬೇಕಲ್ಲ ಅನ್ನಿಸ್ತು." ಅವನು ನಕ್ಕ, ನಗು ಅರ್ಧಕ್ಕೆ ಕೆಮ್ಮಾಯಿತು. "ಆ ಬಾಣ ತೋರ್ಸಿದಾಗ ನಿನ್ನ ವಂಶಾನೆಲ್ಲ ಬೈದೆ. ಎರಡು ಅಂದೋನು ಬಾ ಅಂತಾನಲ್ಲ, ಕುಡಿದಿದಾನೆ ಅಂದ್ಕೊಂಡೆ. ಯಾಕೋ ಮಾತೇ ಇಲ್ಲ? ದೇದೆ? ಇದೀಯೇನೋ?"

"ಹೂಂ," ಎಂದಳು.

ಆ ಒಂದು ಹೂಂ ಸಾಕಾಯಿತು. ಅವನ ಹಿಂದಿನ ಗದ್ದಲ ಹಾಗೇ ಇತ್ತು, ಯಾರೋ ಹಾಡುತ್ತಿದ್ದರು, ಬಾಟಲಿಯ ಬಿರಟೆ ಹಾರಿತು. ಅವನ ದನಿ ಮಾತ್ರ ನಿಂತಿತು. ಉಸಿರು ಕೇಳಿಸುತ್ತಿತ್ತು, ಅವಳಿಗೆ ತಿಳಿದಿದ್ದ ಉಸಿರು, ಮೂಗಿನಿಂದ, ಎಡಗಡೆ ಸ್ವಲ್ಪ ಕಟ್ಟಿದ್ದು. ಆಮೇಲೆ ಅವನು ರಿಸೀವರಿಗೆ ಬಾಯಿ ಹತ್ತಿರ ತಂದಿರಬೇಕು, ಬೇರೆಯವರಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ಕೇಳಿದ.

"ಏನಾದ್ರೂ ತಿಂದ್ಯಾ?"

ದೇದೆಯನ್ನು ಯಾರೂ ಹಾಗೆ ಕೇಳುವುದಿಲ್ಲ. "ಇಲ್ಲ," ಎಂದಳು ಸೊಲಾಂಜ್. ಕಣ್ಣೀರು ಮೂಗಿನ ತುದಿಗೆ ಬಂದು ರಿಸೀವರಿನ ಮೇಲೆ ಬಿತ್ತು. "ರೇಜಿಸ್, ಆವತ್ತು..."

"ಬಾರೋ ಮಾರಾಯ, ಫೋಟೊದೋರು ಕಾಯ್ತಿದಾರೆ!" ಬೇಶುವಿನ ಗಂಟಲು. ಎಳೆದಾಟ, ನಗು, ರಿಸೀವರ್ ಮೇಜಿಗೆ ಬಡಿದ ಸದ್ದು. ಅವನು ಅದನ್ನು ಕೊಕ್ಕೆಗೆ ಹಾಕಿರಲಿಲ್ಲ. ಹಾಕಲು ಬಿಡಲಿಲ್ಲವೋ, ಬೇಕೆಂದೇ ಹಾಗೆ ಬಿಟ್ಟನೋ. ಅವಳು ಮೇಜಿಗೆ ಹೇಳಿದಳು, ಬಾಟಲಿಗಳಿಗೆ, ಲೋಟಗಳಿಗೆ ಹೇಳಿದಳು: "ಆವತ್ತು ಗೆರೆ ಬಿಟ್ಟಿದ್ದು ನಾನು ಕಣೋ. ನಿಂಗೆ ಗೊತ್ತಿತ್ತು, ಗೊತ್ತಿದ್ದೇ ನೀನು ಸುಮ್ಮನಿದ್ದೆ. ನಾನು ಅದನ್ನ ಬೇರೆ ಥರ ತಿಳ್ಕೊಂಡೆ. ಬಸ್ಸಿನ ಹತ್ರ ಏನ್ ಹೇಳ್ದೆ ನೀನು? ಗಾಜು ಹಾಕಿತ್ತು, ನಂಗೆ ಕೇಳಿಸ್ಲಿಲ್ಲ." ಅತ್ತಲಿಂದ ಅವನ ನಗು ಒಮ್ಮೆ ಹತ್ತಿರ ಬಂತು, ದೂರ ಹೋಯಿತು. ಯಾರೋ ಕೊರೀನಳ ಹೆಸರು ಕೂಗಿದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಲೆಯೋನ್ಸ್ ಕುರ್ಚಿ ಮಡಚಿಕೊಂಡು, ಅವಳ ಭುಜವನ್ನು ಒಮ್ಮೆ ತಟ್ಟಿ ಹೊರಟುಹೋದ. ಗೂಡಿನಿಂದ ಗೂಡಿಗೆ ಟೆಲಿಫೋನು ಇಲಾಖೆಯವನು ತಂತಿ ಬಿಚ್ಚಿ ಸುತ್ತುತ್ತ ಬರುತ್ತಿದ್ದ, ಈ ಲೈನುಗಳು ಈ ಎರಡು ದಿನಕ್ಕೆ ಮಾತ್ರ. ಅವಳ ಗೂಡಿನ ಮುಂದೆ ಬಂದು ನಿಂತು, ಟೋಪಿ ಮುಟ್ಟಿಕೊಂಡು, "ಮೇಡಂ, ಮುಗೀತಾ? ಇದೊಂದೇ ಉಳಿದಿರೋದು," ಎಂದ.

ಆ ಕಡೆ ಈಗ ಹಾಡೂ ಇರಲಿಲ್ಲ. ಕುರ್ಚಿ ಎಳೆದ ಸದ್ದು, ದೂರದಲ್ಲಿ ಲಾರಿ, ಮೇಜಿನ ಮೇಲೆ ಏನೋ ಚೆಲ್ಲಿ ತೊಟ್ಟಿಕ್ಕುತ್ತಿತ್ತು. ಸೊಲಾಂಜ್ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಇಲಾಖೆಯವನ ಕಡೆ ಒಂದು ಬೆರಳು ತೋರಿಸಿದಳು.

"ಇನ್ನೊಂದೇ ನಿಮಿಷ," ಎಂದಳು. "ಅವ್ರು ಮಾತಾಡ್ತಿದಾರೆ."

ಅವನು ಗಡಿಯಾರ ನೋಡಿಕೊಂಡು, ಆಗಲಿ ಎಂದು ತಂತಿಯ ಸುರುಳಿಯನ್ನು ಕೆಳಗಿಟ್ಟು, ಹುಲ್ಲಿನ ಮೇಲೆ ಕೂತ.